ದಿಕ್ಸೂಚಿಗೆ ಹಿಡಿದ ಛತ್ರಿ

೧೯೬೦ರ ಆಚೀಚೆ, ತೇರಗಾಂವದಲ್ಲಿ ಎರಡು ಹೊಲಗಳ ನಡುವಿನ ಹದ್ದು ಅಳೆಯಲು ಹೋಗಿದ್ದೆ. ಆಗ ನನಗೆ ಅಳೆಯುವುದಕ್ಕಿಂತ ಪಾಠ ಹೇಳುವ ಚಟ ಹೆಚ್ಚು. "ದಿಕ್ಸೂಚಿಯ ಮುಳ್ಳು ಅಯಸ್ಕಾಂತ. ಸದಾ ಉತ್ತರಕ್ಕೇ ನಿಲ್ಲುತ್ತದೆ. ಹತ್ತಿರ ಕಬ್ಬಿಣ ಬಂದರೆ ಮಾತ್ರ ಅತ್ತ ವಾಲುತ್ತದೆ" ಎಂದು ಎರಡೂ ಹೊಲದವರಿಗೆ ಹೇಳಿದೆ.

ಒಂದು ಹೊಲದ ಬಸಪ್ಪ ಶ್ರದ್ಧೆಯಿಂದ ಕೇಳಿದ. "ಬಿಸಲು ಭಾಳ ಐತ್ರಿ ಸಾಹೇಬ್ರ" ಎಂದು ಛತ್ರಿ ಬಿಚ್ಚಿ ನನ್ನ ಪಕ್ಕದಲ್ಲಿ ಹಿಡಿದ. ಮುಳ್ಳು ಛತ್ರಿಯತ್ತ ವಾಲಿತು, ಹದ್ದಿನ ಗೆರೆ ನೆರೆಯ ಈರಪ್ಪನ ಹೊಲದೊಳಗೆ ಸರಿಯತೊಡಗಿತು.

ಈರಪ್ಪ ಛತ್ರಿಯ ಕಬ್ಬಿಣದ ಕಡ್ಡಿಗಳನ್ನೇ ನೋಡಿದ. "ಬಸಣ್ಣ, ನಿನ್ನ ನೆರಳು ಒಂದ ಕಡೆ ಬೀಳಾಕತ್ತೈತಿ. ಪಾಠ ನಾನೂ ಕೇಳೇನಿ" ಎಂದವನು ಮನೆಯಿಂದ ತನ್ನ ಛತ್ರಿ ತಂದು ಇನ್ನೊಂದು ಪಕ್ಕದಲ್ಲಿ ಹಿಡಿದ.

ಮುಳ್ಳು ಮರಳಿ ಉತ್ತರಕ್ಕೆ ನಿಂತಿತು. ಅಷ್ಟು ತಂಪಾಗಿ, ಅಷ್ಟು ಸರಿಯಾಗಿ ನಾನು ಬೇರೆಲ್ಲೂ ಅಳೆದಿಲ್ಲ.