ತಂಬಿಲ ಮುಗಿಯುವವರೆಗೆ

ಸ್ಕ್ಯಾನಿಂಗ್ ಕೋಣೆಯಲ್ಲಿ ಡಾಕ್ಟರು ಮಾತು ನಿಲ್ಲಿಸಿದಾಗಲೇ ನನಗೆ ಗೊತ್ತಾಯಿತು. ಅದುವರೆಗೆ ನನ್ನ ಆಫೀಸು, ಬೈಕಂಪಾಡಿಯ ಟ್ರಾಫಿಕ್ಕು, ದುಬೈಯಲ್ಲಿರುವ ಗಂಡನಿಗೆ ರಜೆ ಯಾವಾಗ ಎಂದೆಲ್ಲ ವಿಚಾರಿಸುತ್ತಿದ್ದವರು ಒಮ್ಮೆಲೇ ಸುಮ್ಮನಾದರು. ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಹೊಟ್ಟೆಯನ್ನು ಒತ್ತಿ ಒತ್ತಿ ನೋಡಿದರು. ನಾಲ್ಕನೇ ತಿಂಗಳಿಗೆ ಕಾಲಿಟ್ಟಿದ್ದ ನನ್ನ ಮಗುವಿನ ಎದೆ ಬಡಿಯುತ್ತಿರಲಿಲ್ಲ.

"ಬೆಳವಣಿಗೆ ನಿಂತು ಕೆಲವು ವಾರ ಆಗಿರ್ಬೇಕು. ನಿಮ್ಮ ತಪ್ಪು ಎಂತದ್ದೂ ಇಲ್ಲ," ಅಂದರು. ತಪ್ಪಿನ ಮಾತು ಇಲ್ಲಿ ಎತ್ತಿದವರು ಯಾರು? ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ನನ್ನದು ಮೊದಲಿನಿಂದಲೂ ಹಾಗೆಯೇ, ಅಳಬೇಕಾದಲ್ಲಿ ಜಗಳಕ್ಕೆ ನಿಲ್ಲುತ್ತೇನೆ.

ತಾನಾಗಿ ಹೋಗಲು ಕಾಯುವುದು ಬೇಡ, ಕ್ಲೀನ್ ಮಾಡಿಸುವುದೇ ಒಳ್ಳೆಯದು ಎಂದರು. ಕ್ಲೀನ್ ಮಾಡಲು ನಾನೇನು ನೀರಿನ ಟ್ಯಾಂಕಿಯೇ? ಡಾಕ್ಟರು ಪಾಪ, ತಾಳ್ಮೆಯಿಂದಲೇ ವಿವರಿಸಿದರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು, ಒಂದು ಗುಟುಕು ನೀರೂ ಕುಡಿಯಬಾರದು. ಗರ್ಭಕೋಶದ ಬಾಯಿ ಮೆತ್ತಗಾಗಲು ಮಾತ್ರೆ ಇಡುತ್ತಾರೆ. ಆಮೇಲೆ ಮದ್ದು ಕೊಟ್ಟು ನಿದ್ದೆ ಬರಿಸಿ, ಸಣ್ಣ ನಳಿಕೆಯಿಂದ ಒಳಗಿನದನ್ನು ಎಳೆದು ತೆಗೆಯುತ್ತಾರೆ. ಹೊಲಿಗೆ ಇಲ್ಲ, ಗಾಯ ಇಲ್ಲ, ಸಂಜೆಗೆ ಮನೆಗೆ ಹೋಗಬಹುದು. "ನಾಳೆಯೇ ಮಾಡುವ," ಎಂದರು.

"ನಾಳೆ ಬೇಡ ಡಾಕ್ಟ್ರೆ," ಎಂದಳು ಪಕ್ಕದಲ್ಲಿ ಕೂತಿದ್ದ ನನ್ನ ಅಮ್ಮ. "ನಾಡಿದ್ದು ನಮ್ಮ ಕುಟುಂಬದ ಮನೆಯಲ್ಲಿ ನಾಗನಿಗೆ ತಂಬಿಲ ಉಂಟು. ಅದು ಮುಗೀಲಿ."

ಗಂಡ ಗಲ್ಫಿನಲ್ಲಿರುವ ಕಾರಣ ನಾನು ಬೋಳಾರದಲ್ಲಿ ಅಮ್ಮನ ಜೊತೆಗೇ ಇದ್ದೆ. ನಮ್ಮಲ್ಲಿ ಕುಟುಂಬ ಅಂದರೆ ತಾಯಿಯ ಕಡೆಯದು. ಅಮ್ಮನ ಕುಟುಂಬದ ಮನೆ ಪಡೀಲಿನ ಆಚೆ, ಯಜಮಾನಿಕೆ ನನ್ನ ಸೋದರಮಾವನದು. ಅಲ್ಲಿಯ ನಾಗನ ಕಟ್ಟೆಗೆ ವರ್ಷಕ್ಕೊಮ್ಮೆ ಹಾಲು, ಎಳನೀರು, ಅರಿಶಿನ ಅರ್ಪಿಸಿ ತಂಬಿಲ ಕೊಡುವುದು ಕ್ರಮ. ಮಕ್ಕಳನ್ನು ಕೊಡುವವನು ನಾಗನೇ ಎಂದು ಆ ವರ್ಷದ್ದನ್ನು ಮಾವ ನನ್ನ ಹೆಸರಿನಲ್ಲೇ ಇಟ್ಟುಕೊಂಡಿದ್ದರು. ಕುಟುಂಬದಲ್ಲಿ ಯಾರಿಗಾದರೂ ಹೆರಿಗೆಯಾದರೆ ಅಮೆ, ಯಾರಾದರೂ ಸತ್ತರೆ ಸೂತಕ. ಎರಡರಲ್ಲಿ ಯಾವುದಿದ್ದರೂ ನಾಗನ ಹತ್ತಿರ ಸುಳಿಯುವ ಹಾಗಿಲ್ಲ. ಸತ್ತ ಕೂಸು ಹೊಟ್ಟೆಯ ಒಳಗೆ ಇರುವಷ್ಟು ಹೊತ್ತು ಯಾವ ಮೈಲಿಗೆಯೂ ಇಲ್ಲ, ಹೊರಗೆ ಬಂದ ಗಳಿಗೆಯಿಂದ ಇಡೀ ಕುಟುಂಬಕ್ಕೆ ಸೂತಕ. ಅಮ್ಮನ ಲೆಕ್ಕಾಚಾರ ಅದು.

ಹೊರಗೆ ಬಂದು ಮಾವನಿಗೆ ಫೋನ್ ಮಾಡಿದಳು. ಮಾವನೂ ಅದನ್ನೇ ಹೇಳಿದರು. "ಇದಕ್ಕೂ ಸೂತಕ ಉಂಟಾ ಅಂತ ಪೂಜೆಯ ಭಟ್ರಲ್ಲಿ ಒಂದು ಮಾತು ಕೇಳಿ ಮಾವ," ಎಂದು ನಾನು ಫೋನು ಕಿತ್ತುಕೊಂಡು ಹೇಳಿದೆ. "ಹೆಂಗಸರ ಇಂಥ ವಿಷಯ ಎಲ್ಲ ಭಟ್ರಲ್ಲಿ ಹೇಗೆ ಕೇಳುದು ಮಗಾ? ಸೂತಕ ಅಂದ್ರೆ ಸೂತಕ. ಎರಡು ದಿನ ಸುಧಾರಿಸು," ಎಂದರು.

"ಸತ್ತದ್ದನ್ನು ಹೊತ್ತುಕೊಂಡು ನಾಗನ ಎದುರು ನಿಲ್ಲಬೇಕಾ ನಾನು?" ಎಂದು ಆಸ್ಪತ್ರೆಯ ಮೆಟ್ಟಿಲಿನಲ್ಲೇ ಕಿರುಚಿದೆ. ಜನ ತಿರುಗಿ ನೋಡಿದರು.

ಅಮ್ಮ ನನ್ನ ರಟ್ಟೆ ಹಿಡಿದಳು. "ಇದು ಹೋಯ್ತು. ನಾಗನನ್ನು ಕೆಣಕಿ ಇನ್ನು ಬರುವುದನ್ನೂ ಕಳ್ಕೊಳ್ಬೇಕಾ ನೀನು? ಹೇಳು." ಅವಳಿಗೆ ನನ್ನ ಮೇಲೆ ಕರುಣೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ, ಭಯವೇ ಹೆಚ್ಚಿತ್ತು. ಮತ್ತೆ ಒಳಗೆ ಹೋಗಿ ಕೇಳಿದಾಗ, ಜ್ವರವೋ ರಕ್ತವೋ ಕಂಡರೆ ಒಂದು ಕ್ಷಣ ಕಾಯದೆ ಓಡಿ ಬರಬೇಕೆಂದು ಹೇಳಿ ಡಾಕ್ಟರು ಒಪ್ಪಿದರು. ಗಂಡನಿಗೆ ಫೋನ್ ಮಾಡಿ ಹೇಳಿದೆ. "ನಿನ್ನ ಅಮ್ಮ ಹೇಳಿದ ಹಾಗೆ ಮಾಡು," ಎಂದರು. ನಾನು ಫೋನು ಕುಕ್ಕಿದೆ.

ನಾನೂ ಒಪ್ಪಿದ್ದು ನಾಗನಿಗೆ ಹೆದರಿ ಅಲ್ಲ. ನನಗೆ ಇನ್ನೂ ವಾಕರಿಕೆ ಇತ್ತು. ಅಮ್ಮ ಬಂಗುಡೆ ಹುರಿಯಲು ಇಟ್ಟರೆ ಬಚ್ಚಲಿಗೆ ಓಡುತ್ತಿದ್ದೆ. ಎದೆ ಇನ್ನೂ ಭಾರವಾಗಿತ್ತು, ಮುಟ್ಟಿದರೆ ನೋವು. ಸತ್ತಿದ್ದರೆ ಇದೆಲ್ಲ ಹೇಗೆ ಇರುತ್ತದೆ? ಮಿಷನು ಕೆಟ್ಟಿರಬೇಕು, ಡಾಕ್ಟರಿಗೆ ಕಣ್ಣು ಕಾಣುವುದಿಲ್ಲ, ಹೀಗೆ ಏನೇನೋ ಹೇಳಿಕೊಂಡೆ. ಮೈಗೆ ಸುದ್ದಿ ತಲುಪಲು ಸಮಯ ಹಿಡಿಯುತ್ತದೆ ಎಂದು ಆಗ ನನಗೆ ಯಾರೂ ಹೇಳಿರಲಿಲ್ಲ.

ತಂಬಿಲಕ್ಕೆ ಸೇರಿದವರಲ್ಲಿ ವಿಷಯ ಗೊತ್ತಿದ್ದದ್ದು ಅಮ್ಮನಿಗೆ, ಮಾವನಿಗೆ, ನನಗೆ ಮಾತ್ರ. ಭಟ್ಟರು ನನ್ನನ್ನು ಮುಂದೆ ಕರೆದು, ಗರ್ಭದಲ್ಲಿರುವುದನ್ನು ಕಾಪಾಡಬೇಕು ಎಂದು ದೊಡ್ಡ ಸ್ವರದಲ್ಲಿ ಪ್ರಾರ್ಥಿಸಿದರು. ಮಾವ ನೆಲ ನೋಡುತ್ತಾ ಕೈ ಮುಗಿದರು. ಅತ್ತೆ, ಮಾವನ ಹೆಂಡತಿ, ನನ್ನ ಹೊಟ್ಟೆ ಸವರಿ, "ಬರುವ ವರ್ಷ ಎತ್ತಿಕೊಂಡು ಬಾ ಆಯ್ತಾ," ಎಂದರು. ಆಯ್ತು ಅತ್ತೆ ಎಂದೆ. ಪ್ರಸಾದದ ಅರಿಶಿನವನ್ನು ಯಾರಿಗೂ ಕಾಣದ ಹಾಗೆ ಸೆರಗಿನೊಳಗೆ ಹೊಟ್ಟೆಗೆ ಪೂಸಿಕೊಂಡೆ. ಒಂದು ಬಡಿತ ಕೊಡು, ಒಂದೇ ಸಾಕು ಎಂದು ಕೇಳಿದೆ.

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ, "ಇನ್ನೊಮ್ಮೆ ನೋಡಿ," ಎಂದು ಹಟ ಹಿಡಿದೆ. ಡಾಕ್ಟರು ಬೈಯಲಿಲ್ಲ. ಈ ಸಲ ಪರದೆಯನ್ನು ನನ್ನ ಕಡೆಗೇ ತಿರುಗಿಸಿದರು. ಕಪ್ಪು ಗುಂಡಿಯೊಳಗೆ ಒಂದು ಸಣ್ಣ ಬಿಳಿ ಆಕಾರ ಅಲುಗಾಡದೆ ಬಿದ್ದುಕೊಂಡಿತ್ತು. ಹೊಟ್ಟೆಯ ಮೇಲಿದ್ದ ಅರಿಶಿನದ ಕಲೆಯನ್ನು ನರ್ಸು ಹತ್ತಿಯಿಂದ ಒರಸಿದಳು.

ಮಾತ್ರೆ ಇಟ್ಟ ಮೇಲೆ ಕಿಬ್ಬೊಟ್ಟೆ ಹಿಂಡತೊಡಗಿತು, ಮುಟ್ಟಿನ ನೋವಿಗಿಂತ ಜೋರು. ನಾನು ಮಲಗಿದ್ದದ್ದು ಹೆರಿಗೆಯ ವಾರ್ಡಿನಲ್ಲೇ, ಪರದೆಯ ಆಚೆ ಯಾರದೋ ಕೂಸು ಅಳುತ್ತಿತ್ತು. ಥಿಯೇಟರಿನಲ್ಲಿ ಚಳಿ. ಕಾಲುಗಳನ್ನು ಎತ್ತಿ ಪಟ್ಟಿಗೆ ಸಿಕ್ಕಿಸಿದರು. ಕೈಯ ನರಕ್ಕೆ ಮದ್ದು ಹೋಗುವಾಗ ಉರಿದದ್ದಷ್ಟೇ ನೆನಪು, ಮತ್ತೆ ಕಣ್ಣು ಬಿಟ್ಟಾಗ ಎಲ್ಲ ಮುಗಿದಿತ್ತು. ಬಾಯಿ ಒಣಗಿತ್ತು, ಕಾಲಿನ ನಡುವೆ ದಪ್ಪ ಪ್ಯಾಡು. "ಅದು ಎಲ್ಲಿ?" ಎಂದು ಕೇಳಿದೆ. "ಟೆಸ್ಟಿಗೆ ಕಳಿಸಿದ್ದೇವೆ," ಎಂದಳು ನರ್ಸು. ಆಯಾ ಒಬ್ಬಳು ಗೊತ್ತಿಲ್ಲದೆ, "ಎಂತ ಮಗು ಅಕ್ಕ?" ಎಂದು ಕೇಳಿ, ನರ್ಸಿನ ಮುಖ ನೋಡಿ ಓಡಿಹೋದಳು. ಎಂತ ಮಗು ಎಂದು ನನಗೂ ಗೊತ್ತಿರಲಿಲ್ಲ.

ಹೊರಡುವಾಗ ನರ್ಸು ಹೇಳಿದಳು: ಕೆಲವು ದಿನ ರಕ್ತ ಹೋಗುತ್ತದೆ, ಆಗಾಗ ನೋವು ಬರುತ್ತದೆ. ಪ್ಯಾಡು ಬೇಗ ಬೇಗ ತುಂಬಿದರೆ, ಜ್ವರ ಬಂದರೆ, ಕೆಟ್ಟ ವಾಸನೆ ಬಂದರೆ ತಡಮಾಡಬಾರದು. ಭಾರ ಎತ್ತಬಾರದು. "ಮತ್ತೆ ಸ್ವಲ್ಪ ದಿನ ಗಂಡನಿಂದ ದೂರ ಇರಿ." ದುಬೈಯಷ್ಟು ದೂರ ಸಾಕಾ ಎಂದೆ. ಅವಳಿಗೆ ನಗು ಬರಲಿಲ್ಲ, ನನಗೂ ಬರಲಿಲ್ಲ.

ಮನೆಗೆ ಬಂದ ಸಂಜೆ ಮಾವನ ಫೋನು. ತಂಬಿಲ ಮುಗಿದ ಧೈರ್ಯದಲ್ಲಿ ಈಗ ಭಟ್ಟರಲ್ಲಿ ಕೇಳಿದ್ದರು, ಸೂತಕ ಎಷ್ಟು ದಿನ ಎಂದು. ಸ್ಪೀಕರಿನಲ್ಲಿ ಅವರ ಸ್ವರ ಹಗುರವಾಗಿತ್ತು. "ಇಷ್ಟು ಸಣ್ಣದಕ್ಕೆ ಕುಟುಂಬಕ್ಕೆ ಸೂತಕವೇ ಇಲ್ವಂತೆ! ಅವಳಿಗೊಬ್ಬಳಿಗೆ ನಾಲ್ಕು ದಿನ. ಉಳಿದವರು ಒಂದು ಸ್ನಾನ ಮಾಡಿದ್ರೆ ಮುಗೀತು."

ಅಮ್ಮ ಅಲ್ಲಿಂದಲೇ ಎದ್ದು ಬಚ್ಚಲಿಗೆ ಹೋದಳು. ತಲೆಗೆ ನೀರು ಹೊಯ್ದುಕೊಂಡು ಬಂದು, ಒದ್ದೆ ಕೂದಲಲ್ಲೇ ದೇವರ ದೀಪ ಹಚ್ಚಿದಳು. "ಮುಗೀತು ಮಗಾ," ಎಂದಳು.

"ಎಂತ ಮುಗೀತು?" ನಾನು ಚಾಪೆಯಿಂದ ಎದ್ದೇಬಿಟ್ಟೆ. "ನನ್ನೊಬ್ಬಳನ್ನು ಮನೆಯಲ್ಲಿ ಬಿಟ್ಟು ನೀವೆಲ್ಲ ತಂಬಿಲ ಮಾಡಬಹುದಿತ್ತಲ್ಲ? ಒಂದು ಮಾತು ಕೇಳಲು ಮಾವನಿಗೆ ನಾಚಿಕೆ ಆಯ್ತಾ? ಅದಕ್ಕಾಗಿ ನಾನು ಹೊತ್ತುಕೊಂಡು ತಿರುಗಿದ್ದಾ?" ಬೇಕಾದಾಗ ಇಡೀ ಕುಟುಂಬವನ್ನು ತಡೆದು ನಿಲ್ಲಿಸುವಷ್ಟು ದೊಡ್ಡದಾಗಿದ್ದ ಸಾವು, ಬೇಡವಾದಾಗ ಒಂದು ಕೊಡಪಾನ ನೀರಿಗೆ ಹೋಯಿತಲ್ಲ. ನನಗೆ ಬೇಕಾದದ್ದು ನ್ಯಾಯ ಗೀಯ ಎಂತದ್ದೂ ಅಲ್ಲ. ಒಂದು ಮಗು ಇತ್ತು, ಹೋಯಿತು ಎಂದು ನನ್ನ ಜೊತೆ ಇನ್ನೊಂದು ಜೀವ ಒಪ್ಪಿಕೊಂಡಿದ್ದರೆ ಸಾಕಿತ್ತು. ಅಮ್ಮ ಗಂಜಿ ಬಡಿಸಿ ತಂದಿಟ್ಟಳು. ಬಟ್ಟಲು ದೂಡಿದೆ. ದೂಡಿದಾಗ ಹೊಟ್ಟೆ ಹಿಂಡಿ ಬಂತು, ಮುದುಡಿ ಮಲಗಿದೆ.

ಗಂಡನೂ ಒಂದು ಸ್ನಾನದಲ್ಲಿ ಮುಗಿಸಿ ಡ್ಯೂಟಿಗೆ ಹೋಗಿರುತ್ತಾರೆ ಎಂಬ ಸಿಟ್ಟಿಗೆ ಅವರ ಫೋನನ್ನೂ ಎತ್ತುತ್ತಿರಲಿಲ್ಲ. ನಾಲ್ಕನೇ ದಿನ ಮಧ್ಯಾಹ್ನ, ಬಾರಿಸಿ ಬಾರಿಸಿ ತಲೆ ಚಿಟ್ಟು ಹಿಡಿಸಿದ ಮೇಲೆ ಎತ್ತಿದೆ.

"ಅಮ್ಮ ನಿಮಗೂ ಹೇಳಿರ್ಬೇಕಲ್ಲ, ಸ್ನಾನ ಮಾಡಿದ್ರೆ ಸಾಕು ಅಂತ," ಎಂದೆ.

"ಹೇಳಿದ್ರು."

"ಆಯ್ತಲ್ಲ ಹಾಗಾದ್ರೆ. ಮಾಡಿದ್ರಲ್ಲ?"

ಅವರು ಕೆಲಸ ಮಾಡುವುದು ಗೋದಾಮಿನಲ್ಲಿ. ಅಲ್ಲಿಯ ಸೆಕೆಯಲ್ಲಿ ದಿನಕ್ಕೆರಡು ಸಲ ಮೀಯುವ ಮನುಷ್ಯ. "ಇಲ್ಲ," ಎಂದರು. "ಆವತ್ತಿನಿಂದ ಮಾಡ್ಲೇ ಇಲ್ಲ. ರೂಮಿನವರು ಬೈತಾ ಇದ್ದಾರೆ, ನಾತ ಬರ್ತದೆ ಅಂತ."

"ಎಂತಕ್ಕೆ ಮಾಡ್ಲಿಲ್ಲ?"

ಆ ಕಡೆಯಿಂದ ಮೂಗು ಏರಿಸುವ ಸದ್ದು ಕೇಳಿತು.

"ಮಾಡಿದ್ರೆ ಮುಗೀತದಲ್ಲ ಮಾರಾಯ್ತಿ," ಎಂದರು.

"ಹಾಗಾದ್ರೆ ಮಾಡ್ಬೇಡಿ," ಎಂದೆ.