ಆನ್‌ಲೈನ್ ಪಾಠಕ್ಕೆ ಒಡಪು ತಂದ ಗಂಗಾ

ಗುಡಗೇರಿಯಲ್ಲಿ ಇನ್ನೂ ನಸುಕು. ರಾಮಪ್ಪ ಚಲವಾದಿಯವರ ಮನೆಯ ಒಲೆ ಆಗಲೇ ಹೊತ್ತಿದೆ. ಅವರ ಹೆಂಡತಿ ಮಲ್ಲವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಾರೆ. ಮಗಳು ಗಂಗಾ ಮೊಬೈಲ್ ಹಿಡಿದು ಬಾಜೂಕೆ ಕೂತಿದ್ದಾರೆ. ಚಮಚದ ಒಳಮೈಯಲ್ಲಿ ನಿನ್ನ ಮುಖ ತಲೆಕೆಳಗಾಗಿ ಯಾಕೆ ಕಾಣುತ್ತದೆ ಎಂದು ತಾಯಿಯನ್ನು ಕೇಳುತ್ತಾರೆ. ರೊಟ್ಟಿಯ ಸಪ್ಪಳ ನಿಲ್ಲುತ್ತದೆ. ಮಲ್ಲವ್ವ ಹಿಟ್ಟಿನ ಕೈಯಲ್ಲೇ ಚಮಚ ಎತ್ತಿ ನೋಡುತ್ತಾರೆ, ತಿರುವಿ ನೋಡುತ್ತಾರೆ. ಹೆಂಚಿನ ಮೇಲಿನ ರೊಟ್ಟಿ ಸೀದೇ ಹೋಗುತ್ತದೆ.

"ಅವ್ವನ ಕೈ ನಿಂತ್ರ ಅದು ಚಟುವಟಿಕಿ ರೀ. ನಿಲ್ಲಲಿಲ್ಲಂದ್ರ ಅದು ಬರೇ ಪಾಠ," ಎನ್ನುತ್ತಾರೆ ಗಂಗಾ. ಸೀದ ರೊಟ್ಟಿ ನನ್ನ ತಾಟಿಗೇ ಬರುತ್ತದೆ. ಖುಷಿಯಿಂದಲೇ ತಿಂದೆ.

ಶಾಲೆ ಅರ್ಧಕ್ಕೆ ಬಿಟ್ಟ ಹೆಣ್ಣುಮಕ್ಕಳನ್ನು ಹತ್ತನೇ ಪರೀಕ್ಷೆಗೆ ಕೂರಿಸಲು ಧಾರವಾಡದ ಒಂದು ಸಂಸ್ಥೆ ಆನ್‌ಲೈನ್ ತರಗತಿ ನಡೆಸುತ್ತದೆ. ಕಲಿಯುವವರು ನವಲಗುಂದ, ಕುಂದಗೋಳ, ಕಲಘಟಗಿ ಕಡೆಯ ಮೂವತ್ತು-ನಲವತ್ತು ಮಂದಿ. ಕೂಲಿಗೆ ಹೋಗುವ ಮೊದಲೇ ಪಾಠ ಮುಗಿಯಬೇಕು, ಹಾಗಾಗಿ ತರಗತಿ ಬೆಳಗಿನ ಜಾವಕ್ಕೆ. ಪರದೆಯ ಮೇಲೆ ಕಾಣುವವರು ಟೀಚರ್ ಜ್ಯೋತ್ಸ್ನಾ. ಪಾಠದ ನಡುವೆ ಈ ಹೆಂಗಸರು ಏನು ಮಾಡಬೇಕು, ಏನು ಮುಟ್ಟಬೇಕು, ಏನು ಮಾತಾಡಬೇಕು ಎಂದು ಯೋಚಿಸುವವರು ಗಂಗಾ. ಅವರ ಮುಖ ಎಲ್ಲೂ ಕಾಣುವುದಿಲ್ಲ.

ರಾಮಪ್ಪ ಇಲ್ಲಿನ ಕಾಳಿನ ಅಂಗಡಿಗಳಲ್ಲಿ ಹಮಾಲಿ ಮಾಡಿ ಮಗಳನ್ನು ಬಿ.ಎಡ್.ವರೆಗೆ ಓದಿಸಿದವರು. ಆ ಬಿ.ಎಡ್.ನ ಬಹುಪಾಲು ಕೊರೊನಾ ಕಾಲದಲ್ಲಿ ಮೊಬೈಲಿನಲ್ಲೇ ನಡೆಯಿತು. ಹಾಜರಿ ಹಾಕಿ ನಿದ್ದೆ ಹೊಡೆದದ್ದೇ ಹೆಚ್ಚು ಎಂದು ಗಂಗಾ ನಗುತ್ತಾರೆ. ಮಂದಿಗೆ ನಿದ್ದೆ ಯಾಕೆ ಬರುತ್ತದೆ ಎಂಬುದು ಅಲ್ಲೇ ತಿಳಿಯಿತಂತೆ.

ಅವರು ಕಟ್ಟುವ ಚಟುವಟಿಕೆಗಳನ್ನು ಕೇಳುತ್ತಾ ನಾನಂತೂ ಬೆರಗಾದೆ. ಸೂಕ್ಷ್ಮಜೀವಿಗಳ ಪಾಠಕ್ಕೆ ಕುದಿಯುವ ಹಾಲಿಗೊಂದು, ಉಗುರುಬೆಚ್ಚಗಿನ ಹಾಲಿಗೊಂದು ಹೆಪ್ಪು ಹಾಕಿ ಮರುದಿನ ಸುದ್ದಿ ಹೇಳಬೇಕು. ನಕ್ಷೆಯ ಪಾಠಕ್ಕೆ ಮನೆಯಿಂದ ಹೊಲದ ದಾರಿಯನ್ನು ಅಂಗಳದಲ್ಲಿ ರಂಗೋಲಿ ಪುಡಿಯಿಂದ ಬಿಡಿಸಬೇಕು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಇವರಿಗೆ ಹಿತ್ತಲೇ ಔಷಧದ ಅಂಗಡಿ.

ಆದರೂ ತರಗತಿಯಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಫೋಟೊ ಕಳಿಸುತ್ತಾರೆ, ಮೈಕ್ ಮಾತ್ರ ಬಂದ್. ಆಗ ಗಂಗಾಗೆ ಹೊಳೆದದ್ದು ಒಡಪು. ಗಂಡನ ಹೆಸರನ್ನು ನೇರವಾಗಿ ಹೇಳದೆ, ಪ್ರಾಸ ಕಟ್ಟಿ ಕೊನೆಯಲ್ಲಿ ಸೇರಿಸುವುದು ನಮ್ಮ ಕಡೆಯ ಪದ್ಧತಿ. ಆ ಪ್ರಾಸದಲ್ಲಿ ಅಂದಿನ ಪಾಠವೂ ಬರಬೇಕು ಎಂಬುದು ಗಂಗಾ ಹಾಕಿದ ಕಟ್ಟಳೆ. ಎಂದಿನಂತೆ ತಾಯಿಯ ಮೇಲೆ ಪರೀಕ್ಷೆ ನಡೆಯಿತು. ಮಲ್ಲವ್ವನ ಕೈ ನಿಂತಿತು, ಸೆರಗು ಬಾಯಿಗೆ ಹೋಯಿತು, ರಾಮಪ್ಪನ ಹೆಸರು ಬಂತು. ಪಾಸು!

ತರಗತಿಯಲ್ಲಿ ಜಾತ್ರೆಯೇ ಆಯಿತಂತೆ. ಮುಚ್ಚಿದ್ದ ಮೈಕುಗಳೆಲ್ಲ ತೆರೆದವು. ಸರದಿ ತಿರ್ಲಾಪುರದ ರೇಣುಕವ್ವನಿಗೆ ಬಂದಾಗ ಮಾತ್ರ ಆಕೆ ಸದ್ದಿಲ್ಲದೆ ತರಗತಿಯಿಂದ ಹೊರಬಿದ್ದಳು. ಮರುದಿನ ಬರಲಿಲ್ಲ. ಅದರ ಮರುದಿನ ಫೋನೇ ಬಂದ್.

ರೇಣುಕವ್ವನ ಗಂಡ ತೀರಿ ವರ್ಷಗಳಾಗಿವೆ. ಅಂಗನವಾಡಿಯಲ್ಲಿ ಸಹಾಯಕಿ ಆಗಬೇಕು, ಅದಕ್ಕೆ ಹತ್ತನೇ ಪಾಸಾಗಲೇಬೇಕು ಎಂದು ಹಟ ಹಿಡಿದು ಸೇರಿದ ಹೆಣ್ಣುಮಗಳು ಆಕೆ. ಅಂಥವಳನ್ನೇ ತನ್ನ ಆಟ ಹೊರಗೆ ಹಾಕಿತಲ್ಲ ಎಂದು ಗಂಗಾ ಕಂಗಾಲಾದರು. "ಮುತ್ತೈದಿ ಅವ್ವನ್ನ ಕೇಳಿ ಪಾಸ್ ಮಾಡಿಬಿಟ್ಟೆ ರೀ. ಗಂಡ ಇಲ್ಲದಾಕಿ ಏನ್ ಹೇಳಬೇಕು ಅನ್ನೂದು ನನ್ನ ತಲಿಗೆ ಬರಲೇ ಇಲ್ಲ," ಎನ್ನುತ್ತಾರೆ.

ಗುಡಗೇರಿಯಿಂದ ರೈಲು, ಹುಬ್ಬಳ್ಳಿಯಿಂದ ಬಸ್ಸು. ಗಂಗಾ ತಿರ್ಲಾಪುರ ಮುಟ್ಟಿದಾಗ ರೇಣುಕವ್ವ ಹತ್ತಿ ಬಿಡಿಸುತ್ತಿದ್ದಳು. ಗಂಗಾ ಕ್ಷಮೆ ಕೇಳಿದರು. ಆಕೆ ಕೈ ನಿಲ್ಲಿಸದೆಯೇ ಹೇಳಿದಳಂತೆ: "ನಿನ್ನ ಮ್ಯಾಲೆ ಸಿಟ್ಟಿಲ್ಲ ಬೇ. ಒಡಪಿಗೆ ಒಂದು ಹೆಸರು ಬೇಕು. ನನ್ನ ಕಡೆ ಇಲ್ಲ."

ಗಂಗಾ ತಾವೂ ಸೊಂಟಕ್ಕೆ ಉಡಿ ಕಟ್ಟಿಕೊಂಡು ಹೊತ್ತು ಮುಳುಗುವವರೆಗೆ ಅದೇ ಸಾಲಿನಲ್ಲಿ ಹತ್ತಿ ಬಿಡಿಸಿದರು. ಹೊರಡುವ ಮುಂಚೆ ಒಂದೇ ಮಾತು ಕೇಳಿಕೊಂಡರು: ನಾಳೆ ಒಂದು ದಿನ ಬಾ, ಮಾತಾಡದಿದ್ದರೂ ನಡೆಯುತ್ತದೆ.

ಮರುದಿನ ನಸುಕಿನಲ್ಲಿ ಟೀಚರ್ ಜ್ಯೋತ್ಸ್ನಾ ಗಂಗಾ ಬರೆದುಕೊಟ್ಟ ಹೊಸ ಕಟ್ಟಳೆ ಓದಿದರು. ಇನ್ನು ಮುಂದೆ ಒಡಪಿನ ಕೊನೆಗೆ ಎಲ್ಲರೂ ತಮ್ಮ ಹೆಸರನ್ನೇ ಹೇಳಬೇಕು. ನೋಡಿ, ಮುತ್ತೈದೆಯರ ಬಾಯಿಗೇ ಬೀಗ! ಗಂಡನ ಹೆಸರಿಗೆ ಹತ್ತು ಒಡಪು ಬರುವವರಿಗೆ ತಮ್ಮ ಹೆಸರಿಗೆ ಒಂದೂ ಬಾರದು. ಯಾರೋ ಇದು ಆಗದ ಮಾತು ಎಂದರಂತೆ. ಅಷ್ಟರಲ್ಲಿ ಒಂದು ಮೈಕ್ ತೆರೆಯಿತು. ಅದರ ಧ್ವನಿಮುದ್ರಣ ಗಂಗಾರ ಮೊಬೈಲಿನಲ್ಲಿದೆ, ನನಗೂ ಕೇಳಿಸಿದರು:

"ಕನ್ನಡಿಗೆ ಬಿದ್ದ ಬೆಳಕು ತಿರುಗಿ ಬರತೈತಿ,
ಹತ್ತಿ ಬಿಡಿಸೂ ಕೈಯಿ ಅಕ್ಷರ ಬರಿತೈತಿ,
ಯಾರ ಹೆಸರು ಹೇಳಲಿ? ನಂದೇ ಹೇಳತೇನಿ, ರೇಣುಕವ್ವ."

ನನ್ನ ಕಣ್ಣು ಒದ್ದೆಯಾಯಿತು. ಸಂಕೋಚವಿಲ್ಲದೆ ಬರೆಯುತ್ತಿದ್ದೇನೆ.

ಅಂದಿನಿಂದ ರೇಣುಕವ್ವ ಒಂದು ತರಗತಿಯನ್ನೂ ತಪ್ಪಿಸಿಲ್ಲ. ಬರುವ ಬೇಸಿಗೆಗೆ ಪರೀಕ್ಷೆ. ಗಂಗಾ ಈಗ ಹೊಸ ಚಟುವಟಿಕೆಯನ್ನು ತಾಯಿಗೆ ಹೇಳಿದ ಮೇಲೆ ತಿರ್ಲಾಪುರಕ್ಕೂ ಫೋನ್ ಹಚ್ಚುತ್ತಾರೆ. ಆಕೆ ಬೇಡವೆಂದರೆ ಬೇಡ.

ಹೊರಡುವಾಗ ಕೇಳಿದೆ, ಇಷ್ಟು ಮಂದಿಯಿಂದ ಅವರವರ ಹೆಸರು ಹೇಳಿಸಿದಿರಿ, ನಿಮ್ಮ ಒಡಪು ಯಾವುದು? ಗಂಗಾ ತಲೆ ತಗ್ಗಿಸಿ ನಕ್ಕರು.

"ನಂದಿನ್ನೂ ಕಟ್ಟಿಲ್ರಿ. ಮೊದಲು ರೇಣುಕಕ್ಕ ಪಾಸಾಗ್ಲಿ."