ಮಗಳ ಬೆರಳಿನ ಬಗ್ಗೆ ಹೇಳಿದ ಸುಳ್ಳು

ಎಪ್ಪತ್ತೊಂದನೇ ವಯಸ್ಸಿನಲ್ಲಿ ನಾನು ಪಿಯಾನೋ ಕಲಿಯಲು ಸೇರಿದೆ. ಶಿವಮೊಗ್ಗದ ವಿದ್ಯಾನಗರದಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಒಬ್ಬ ಮೇಡಂ ಹೇಳಿಕೊಡುತ್ತಾರೆ. ಅಭ್ಯಾಸಕ್ಕೆಂದು ಮನೆಗೊಂದು ಕೀಬೋರ್ಡ್ ತಂದೆ. ಮೇಡಂ ಕೊಟ್ಟದ್ದು ಒಂದು ಮಿನುಯೆಟ್, ಮುನ್ನೂರು ವರ್ಷದ ಹಿಂದೆ ಯುರೋಪಿನವರು ಕುಣಿಯುತ್ತಿದ್ದ ಮೂರೆಣಿಕೆಯ ಸಂಗೀತ.

"ಇದನ್ನ ಮಕ್ಕಳೂ ನುಡಿಸ್ತಾರೆ ಅಂಕಲ್" ಎಂದು ಅವರು ಧೈರ್ಯ ಹೇಳಿದರು.

ಮಕ್ಕಳ ಎಡಗೈ ಕೆಟ್ಟಿರುವುದಿಲ್ಲ. ನಾನು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿದ್ದಷ್ಟು ಕಾಲ ಭಜನಾ ಮಂಡಳಿಗೆ ಹಾರ್ಮೋನಿಯಂ ನುಡಿಸಿದವನು. ಅದರಲ್ಲಿ ಬಲಗೈ ನುಡಿಸುತ್ತದೆ, ಎಡಗೈ ಹಿಂದೆ ತಿದಿ ಒತ್ತುತ್ತದೆ. ಮಿನುಯೆಟ್‌ನಲ್ಲಿ ಎಡಗೈಗೂ ಅದರದ್ದೇ ರಾಗವಿದೆ. ನನ್ನ ಎಡಗೈ ಎರಡು ಸ್ವರ ಒತ್ತಿ ಕೀಬೋರ್ಡಿನ ಹಿಂದಕ್ಕೆ ಹೋಗಿಬಿಡುತ್ತಿತ್ತು.

ಶಿವಮೊಗ್ಗದಲ್ಲೇ ಶಾಲಾ ಶಿಕ್ಷಕಿಯಾಗಿರುವ ಮಗಳು ಒಂದು ಭಾನುವಾರ ಬಂದು ನೋಡಿದಳು.

"ಅಪ್ಪಾ, ಅದು ಕರೆಂಟಲ್ಲಿ ಓಡುತ್ತೆ. ಗಾಳಿ ಯಾರಿಗೆ ಹಾಕ್ತಿದೀರಿ?"

ನಾಲ್ಕು ವಾರದಿಂದ ನನಗೆ ಬಾರದಿದ್ದ ಎಡಗೈ ಭಾಗವನ್ನು ಅವಳು ನಿಂತುಕೊಂಡೇ ನುಡಿಸಿದಳು. ಆಮೇಲೆ ಕೈ ಹಿಂತೆಗೆದುಕೊಂಡು, "ನನ್ನ ಬೆರಳು ಗಿಡ್ಡ ಅಲ್ವಾ, ಇಷ್ಟೇ ಆಗೋದು" ಎಂದಳು.

ಅವಳ ಬೆರಳು ಗಿಡ್ಡವಲ್ಲ. ಹಾಗೆಂದು ನಂಬಿಸಿದವನು ನಾನು. ಆ ಭಾನುವಾರ ಅವಳಿಗೆ ನಿಜ ಹೇಳಿದೆ.

ಅವಳಿಗೆ ಹತ್ತು ವರ್ಷವಿದ್ದಾಗ ಕ್ವಾರ್ಟರ್ಸಿನ ಹತ್ತಿರದ ಚರ್ಚಿನಲ್ಲಿ ಒಬ್ಬ ತಮಿಳು ಟೀಚರ್ ಅವಳಿಗೆ ಪಿಯಾನೋ ಕಲಿಸುತ್ತಿದ್ದರು. ಒಂದು ಶನಿವಾರ ಭಜನೆಯಲ್ಲಿ ಅವಳು ತಬಲಾದವನ ಕೈಲಿ ತಿದಿ ಒತ್ತಿಸಿ, ನನ್ನ ಹಾರ್ಮೋನಿಯಂ ಅನ್ನು ಎರಡೂ ಕೈಯಲ್ಲಿ ನುಡಿಸಿದಳು.

"ಮಾರಾಯ, ಇನ್ಮೇಲೆ ನೀನು ಬರಬೇಡ, ಮಗಳನ್ನೇ ಕಳ್ಸು" ಎಂದ ತಬಲಾದವನು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮರುದಿನ ಟೀಚರ್ ದಾರಿಯಲ್ಲಿ ಸಿಕ್ಕಿ, "ಒಳ್ಳೆ ಕೈ ಸಾರ್, ದಿನಾ ಕಳ್ಸಿ" ಎಂದರು. ನಾನು ಮನೆಗೆ ಬಂದು, ನಿನ್ನ ಬೆರಳು ಗಿಡ್ಡವಂತೆ, ಕಲಿಸಿ ಉಪಯೋಗವಿಲ್ಲವಂತೆ, ಟೀಚರ್ ಹೇಳಿದರು ಎಂದೆ. ಚರ್ಚಿಗೆ ಹೋಗುವುದು ಬೇಡವಿತ್ತು, ಪರೀಕ್ಷೆ ಇತ್ತು ಎಂದು ಈಗ ಕಾರಣ ಕೊಡಬಹುದು. ಅವು ಯಾವುವೂ ಅಲ್ಲ. ಹೊಟ್ಟೆಕಿಚ್ಚು.

ಮಗಳು ಪೂರ್ತಿ ಕೇಳಿಸಿಕೊಂಡಳು.

"ನಾನ್ಯಾಕೆ ಬರ್ತಿಲ್ಲ ಅಂತ ಟೀಚರ್ ಕೇಳ್ಲಿಲ್ವಾ?"

"ಕೇಳಿದ್ರು. ನಿನಗೇ ಇಷ್ಟ ಇಲ್ಲ ಅಂದೆ."

"ಅದಕ್ಕೇ ಅವ್ರು ದಾರೀಲಿ ಸಿಕ್ಕಿದ್ರೂ ಮಾತಾಡ್ತಿರ್ಲಿಲ್ಲ." ಆಮೇಲೆ, "ಏಳಿ" ಎಂದಳು. ನಾನು ಸ್ಟೂಲಿನಿಂದ ಎದ್ದೆ.

ಈಗ ಪ್ರತಿ ಭಾನುವಾರ ಬಂದು ಎರಡು ಗಂಟೆ ನುಡಿಸುತ್ತಾಳೆ. ನಾನು ಕಾಫಿ ಮಾಡಿ ಇಡುತ್ತೇನೆ. ಕೆಲವು ಸಲ ಕುಡಿಯುತ್ತಾಳೆ. ಕಳೆದ ವಾರ ಅವಳ ಕೈಯಲ್ಲಿ ಮಿನುಯೆಟ್ ಎಲ್ಲೂ ನಿಲ್ಲದೆ ಕೊನೆ ಮುಟ್ಟಿತು. ಚೆನ್ನಾಗಿತ್ತು ಎಂದೆ.

"ನಿಮ್ಮನ್ನ ಕೇಳ್ಲಿಲ್ಲ" ಎಂದು ಅವಳು ಮತ್ತೆ ಮೊದಲಿನಿಂದ ಶುರು ಮಾಡಿದಳು.